ನಾಲ್ಕನೆಯ ಕುರ್ಚಿಯವನನ್ನು ಇಳಿಸಿದೆನೋ, ಬಿಟ್ಟೆನೋ

ಸಮ್ಮೋಹನದ ಪ್ರದರ್ಶನದಲ್ಲಿ ನನ್ನ ಕೆಲಸ ಶುರುವಾಗುತ್ತಿದ್ದದ್ದು ಪರದೆ ಎಳೆದ ಮೇಲೆ. ಚಪ್ಪಾಳೆ ನಿಂತು, ಜನ ಚಪ್ಪಲಿ ಹುಡುಕುತ್ತ ಬಾಗಿಲ ಕಡೆ ಹೊರಟಾಗ ವೇದಿಕೆಯ ಮೇಲೆ ಎಂಟು ಮಂದಿ ಇನ್ನೂ ಕುರ್ಚಿಯಲ್ಲೇ ಇರುತ್ತಿದ್ದರು. ಅವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುವವನು ನಾನು.

ಇದಕ್ಕೆ ನಮ್ಮ ತಂಡದಲ್ಲಿ 'ಇಳಿಸುವುದು' ಎನ್ನುತ್ತಿದ್ದರು. ವೇದಿಕೆಯ ಮೇಲೆ ಪ್ರೊಫೆಸರ್ ಅವರಿಗೆ ಏನೇನೋ ಹೇಳಿರುತ್ತಾರೆ: ಈ ನಿಂಬೆಹಣ್ಣು ಪೇರಲದಷ್ಟು ಸಿಹಿ, ಈ ನೆಲ ಕಾದ ಹಂಚು, ನೀವು ಇಂಥವರು. ಚಿಟಿಕೆ ಹೊಡೆದು ಎಬ್ಬಿಸಿಯೂ ಇರುತ್ತಾರೆ. ಆದರೂ ಪರದೆಯ ಹಿಂದೆ ನಾನು ಪ್ರತಿಯೊಬ್ಬರ ಎದುರು ಕೂತು, ಅವರ ಎರಡೂ ಪಾದಗಳನ್ನು ನೆಲಕ್ಕೆ ಊರಿಸಿ, ಕೊಟ್ಟ ಸೂಚನೆಗಳನ್ನು ನೋಟ್‌ಬುಕ್ಕಿನಿಂದ ಓದಬೇಕು. 'ನಿಂಬೆ ಸಿಹಿ ಅಂದಿದ್ದೆವು, ಅದು ಹೋಯಿತು, ನಿಂಬೆ ಹುಳಿಯೇ. ನೆಲ ಬಿಸಿ ಅಂದಿದ್ದೆವು, ಅದೂ ಹೋಯಿತು.' ಆಮೇಲೆ ಒಂದರಿಂದ ಐದು ಎಣಿಸಬೇಕು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಬೇಕು. ಹತ್ತು ಹೆಜ್ಜೆ ನಡೆಸಿ, ನೀರು ಕೊಟ್ಟು, ಪ್ರತಿ ಸೂಚನೆಯ ಎದುರು ಟಿಕ್ ಹಾಕಬೇಕು.

ನನಗೆ ಇದನ್ನು ಕಲಿಸಿದ್ದು ಪ್ರೊಫೆಸರರ ಹೆಂಡತಿ. ಎಲ್ಲರೂ ಅವರನ್ನು ಗೌರವದಿಂದ 'ಬಾಯಿ' ಎಂದು ಕರೆಯುತ್ತಿದ್ದರು. ಪರದೆ, ಮೈಕು, ನೀರಿನ ಲೋಟಗಳು ಎಲ್ಲ ಅವರ ವಶ. ಪಿ.ಯು.ಸಿ.ಗೆ ಓದು ಬಿಟ್ಟ ಅವರ ಗಂಡ ಪ್ರೊಫೆಸರ್. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿದ ನಾನು ಅವರ ಕುರ್ಚಿ ಹೊರುವ 'ಮಾಸ್ತರ'. ಇದರಲ್ಲಿ ಏನು ಮೋಸವಿದೆ ನೋಡಿಬಿಡೋಣ ಎಂದು ಒಂದು ತಿಂಗಳಿಗಾಗಿ ಸೇರಿದ್ದೆ. ಮೋಸ ಸಿಗಲಿಲ್ಲ, ತಿಂಗಳುಗಳು ಹೋದವು. ಇಳಿಸುವುದಷ್ಟೇ ನನಗೆ ಸುಳ್ಳು ಶಾಸ್ತ್ರದಂತೆ ಕಾಣುತ್ತಿತ್ತು. ತಾನಾಗಿ ಹೋಗುವುದನ್ನು ಕಳಿಸುವುದೇಕೆ ಎಂದು ಒಮ್ಮೆ ಬಾಯಿಯನ್ನು ಕೇಳಿದೆ.

"ಬೇವೂರಿನ ಒಬ್ಬ ಹೆಡ್‌ಮಾಸ್ತರು ಗಡಿಬಿಡಿಯಾಗ ಹಂಗ ಇಳದು ಹೋದ್ರು," ಎಂದರು ಬಾಯಿ. "ಊರಾಗ ಬಸ್ಸಿಳದು ನೆಲ ಸುಡ್ತೈತಿ ಅಂತ ಕುಣಕೋತ ಮನಿಗೆ ಹೋದ್ರಂತ. ಹುಡುಗೂರು ಬೆನ್ನ ಹತ್ತಿದ್ವಂತ. ಮಾಸ್ತರ, ನಿಮ್ಮ ಪುಸ್ತಕದಾಗ ಏನೈತೋ ನನಗ ಗೊತ್ತಿಲ್ಲ. ಮಂದಿ ಮನಿಗೆ ಹೋದ್ರ ತಗದ ಬಾಗಲಾ ಹಾಕಿ ಬರಬೇಕು, ಅಷ್ಟ."

ಆ ವರ್ಷ ಕೊಪ್ಪಳ, ಗಂಗಾವತಿ ಮುಗಿಸಿ ಕುಷ್ಟಗಿಗೆ ಬಂದಿದ್ದೆವು. ಭಾನುವಾರ, ಮಧ್ಯಾಹ್ನ ಮೂರರ ಆಟ, ಒಂದು ಕಲ್ಯಾಣ ಮಂಟಪ. ಸಭಿಕರೆಲ್ಲ ಬೆರಳುಗಳನ್ನು ಹೆಣೆದು ಹಿಡಿಯಬೇಕು. ಪ್ರೊಫೆಸರ್ ಮಾತಾಡುತ್ತಿದ್ದಂತೆ ಯಾರ ಬೆರಳು ಬಿಡಿಸಿಕೊಳ್ಳಲು ಬರುವುದಿಲ್ಲವೋ ಅವರನ್ನು ಮೇಲೆ ಕರೆಯುತ್ತಾರೆ. ನಾಲ್ಕನೆಯ ಕುರ್ಚಿಗೆ ನಾನು ಕರೆತಂದವನು ಇಪ್ಪತ್ತೇಳು ವರ್ಷದ ಗಾದಿ ಹೊಲಿಯುವವನು. ಅವನ ಹುಬ್ಬಿನಲ್ಲಿ ಅರಳೆಯ ಎಳೆಗಳು ಹಾಗೇ ಇದ್ದವು.

"ಹೆಸರೇನಪಾ?" ಎಂದು ಪ್ರೊಫೆಸರ್ ಮೈಕು ಹಿಡಿದರು.

ಅವನ ದವಡೆ ಬಿಗಿಯಿತು. ಕಣ್ಣು ಮುಚ್ಚಿದ. ಕತ್ತಿನ ನರ ಉಬ್ಬಿತು. ಮೈಕಿನಲ್ಲಿ ಬರೀ ಉಸಿರು ಕೇಳುತ್ತಿತ್ತು.

"ನಿದ್ದಿ ಬರಿಸೂದ್ರಾಗ ಹೆಸರು ಮರತ ನೋಡ್ರಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಂಟಪವೆಲ್ಲ ನಕ್ಕಿತು. ಪ್ರೊಫೆಸರ್ ನಗಲಿಲ್ಲ. ಮೈಕನ್ನು ಮೆಲ್ಲಗೆ ತೆಗೆದು, "ಇರ್ಲಿ ಬಿಡು, ಹೆಸರೇನು ಓಡಿ ಹೋಗ್ತೈತೇನು," ಎಂದು ಅವನ ಹೆಗಲು ತಟ್ಟಿ ಮುಂದಿನ ಕುರ್ಚಿಗೆ ಹೋದರು.

ಕೊನೆಯ ಐಟಂ ಕಂಡಕ್ಟರುಗಳದ್ದು. ಎಂಟೂ ಮಂದಿ ಎದ್ದು ನಿಂತು ಇಲ್ಲದ ಬಸ್ಸಿನ ಬಾಗಿಲು ಹಿಡಿದು ಜನರನ್ನು ಕರೆಯಬೇಕು. ಏಳು ಮಂದಿಯ ದನಿ ಮುಳುಗಿ ಒಂದೇ ದನಿ ಮೇಲೆದ್ದಿತು.

"ಕೊಪ್ಪಳ್, ಕೊಪ್ಪಳ್, ಕೊಪ್ಪಳ್! ಕುಕನೂರ, ಯಲಬುರ್ಗಾ! ಏ ಯಜಮಾನ, ಒಳಗ ಸರೀರಿ, ಹಿಂದ ಜಗಾ ಐತಿ! ಅಕ್ಕಾರ, ಕೋಳಿಗೂ ಟಿಕೆಟ್ ಐತ್ರಿ, ಸೆರಗಿನಾಗ ಮುಚ್ಚಿಟ್ರ ಅದು ಕೂಗೂದಿಲ್ಲೇನು?"

ನಾಲ್ಕನೆಯ ಕುರ್ಚಿಯವನು! ಮುಂಚೆ ನಕ್ಕವರೇ ಈಗ ಎದ್ದು ನಿಂತು ಶಿಳ್ಳೆ ಹೊಡೆದರು.

ಪರದೆ ಬಿತ್ತು. ನಾನು ಮೂವರನ್ನು ಇಳಿಸಿ ಅವನ ಎದುರು ಕೂತೆ. ಅವನು ನನ್ನ ಕೈ ಹಿಡಿದುಕೊಂಡ.

"ಸರ, ನನಗ ಇಳಸಬ್ಯಾಡ್ರಿ," ಎಂದ. ಎಲ್ಲಿಯೂ ತಡೆಯಲಿಲ್ಲ. "ಬರೂ ಆಯ್ತವಾರ ಕನಕಗಿರಿಯಾಗ ನನ್ನ ನಿಕಾಹ್ ಐತಿ. ಖಾಜಿ ಸಾಹೇಬ್ರು ಮಂದಿ ನಡುವ ಕೇಳ್ತಾರ. ಒಪ್ಪೀನಿ ಅನ್ನಾಕ ಮೂರು ಸಲ ಕಬೂಲ್ ಅನ್ನಬೇಕು. ಆ ಮಾತು ನನ್ನ ಬಾಯಾಗಿಂದ ಹೊರಡೂದಿಲ್ರೀ. ಇವತ್ತ ಕೊಪ್ಪಳ ಅಂದೀನಿ, ನೀವ ಕೇಳೀರಿ."

"ಹೆಣ್ಣಿನ ಕಡೆಯವರಿಗೆ ಗೊತ್ತಿಲ್ಲವೇ?"

"ನೋಡಾಕ ಹೋದಾಗ ಬಾಯೇ ಬಿಡಲಿಲ್ಲ. ಹುಡುಗ ಭಾಳ ಗಂಭೀರ ಅಂತ ಒಪ್ಗೊಂಡ್ರು." ಅವನೂ ನಕ್ಕ, ನಾನೂ ನಕ್ಕೆ. ಆಮೇಲೆ ಅವನು ನಗು ನಿಲ್ಲಿಸಿ ಹೇಳಿದ: "ಇದಕ್ಕ ಮೊದ್ಲ ಒಂದು ಸಂಬಂಧ ಹೋಗೈತ್ರಿ. ನಮ್ಮಪ್ಪನ ಹೆಸರು ಹೇಳಾಕ ನಿಂತೆ. ಆಗಲಿಲ್ಲ. ಅಪ್ಪನ ಹೆಸರು ಗೊತ್ತಿಲ್ದವಗ ಹೆಣ್ಣು ಕೊಡೂದಿಲ್ಲ ಅಂದ್ರು."

ನನಗೆ ನೆನಪಿರುವುದು ಹೀಗೆ: ನಾನು "ಆತು, ನಿಮಗ ಇಳಸೂದಿಲ್ಲ" ಎಂದೆ. ಪೆನ್ನನ್ನು ಹಾಳೆಯ ಮೇಲೆ ಒಂದು ಗಳಿಗೆ ಹಿಡಿದೆ, ಟಿಕ್ ಹಾಕದೆ ಮುಚ್ಚಳ ಹಾಕಿದೆ. ಅವನು ನನ್ನ ಫೋನ್ ನಂಬರು ಬರೆದುಕೊಂಡು, ಎರಡೂ ಕೈಯಿಂದ ನಮಸ್ಕಾರ ಮಾಡಿ, ಇಲ್ಲದ ಬಸ್ಸಿನಿಂದ ಇಳಿಯುವವನಂತೆ ಮೆಟ್ಟಿಲು ಹಾರಿ ಹೋದ.

ಬುಧವಾರ ಯಲಬುರ್ಗಾದಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ ಫೋನು ಬಂತು. ಆ ಕಡೆ ಯಾರೂ ಮಾತಾಡಲಿಲ್ಲ. ಇಡಬೇಕೆನ್ನುವಷ್ಟರಲ್ಲಿ ಉಸಿರು ಕೇಳಿಸಿತು. ಮೈಕಿನಲ್ಲಿ ಕೇಳಿದ ಅದೇ ಉಸಿರು.

"ನೀ... ನೀವು... ಇ... ಇಳಿಸಿಬಿಟ್ರಿ," ಎಂದ.

ಇಲ್ಲ, ದೇವರಾಣೆ ಇಲ್ಲ ಎಂದೆ. ದೇವರ ಮೇಲೆ ಆಣೆ ಹಾಕುವವನಲ್ಲ ನಾನು. ಫೋನಿಟ್ಟು ನೋಟ್‌ಬುಕ್ ತೆರೆದೆ. ಕುಷ್ಟಗಿ, ನಾಲ್ಕನೆಯ ಕುರ್ಚಿ: ನಿಂಬೆ, ಬಿಸಿ ನೆಲ, ಕಂಡಕ್ಟರ್. ಮೂರರ ಎದುರೂ ಟಿಕ್. ನನ್ನದೇ ಶಾಯಿ. ಎಡಕ್ಕೆ ವಾಲುವ ನನ್ನದೇ ಟಿಕ್ಕು.

ಲೋಟ ತೊಳೆಯುತ್ತಿದ್ದ ಬಾಯಿಗೆ ತೋರಿಸಿದೆ.

"ಹೌದಲ್ರೀ. ನಾ ಪರದೆ ಮಡಚಾಕತ್ತಿದ್ದೆ. ನಾಕನೇ ಕುರ್ಚಿ ಮುಂದ ನೀವು ಐದರತನಕ ಎಣಿಸಿದ್ದು ಕೇಳೀನಿ."

"ಇಲ್ಲ ಬಾಯಿ. ಅವನಿಗೆ ಮಾತು ಕೊಟ್ಟಿದ್ದೆ."

"ಮಾತೂ ಕೊಟ್ಟಿರ್ತೀರಿ, ಎಣಿಸಿಯೂ ಇರ್ತೀರಿ. ಬಾಯಿಗೆ ರೂಢಿ ಆಗಿರ್ತೈತಿ. ನಾನೂ ಎಷ್ಟೋ ಸಲ ಉಪ್ಪು ಹಾಕೀನೋ ಇಲ್ಲೋ ಅಂತ ಮತ್ತ ಹಾಕೀನಿ."

ನೆನಪು ಎಂಬುದು ಇಟ್ಟಲ್ಲಿ ಇರುವ ವಸ್ತುವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ನನ್ನ ವಿಷಯದಲ್ಲಿ ಅದು ನಿಜವಾದಾಗ ನಂಬಲು ಆಗಲಿಲ್ಲ. ಪೆನ್ನಿನ ಮುಚ್ಚಳ ಕಟ್ಟನೆ ಕೂತ ಸದ್ದು ಕೂಡ ನನ್ನ ಕಿವಿಯಲ್ಲಿತ್ತು.

ಪ್ರೊಫೆಸರ್ ಮಂಡಕ್ಕಿ ತಿನ್ನುತ್ತಿದ್ದರು. ಎಲ್ಲ ಹೇಳಿ, ಭಾನುವಾರದೊಳಗೆ ಅವನನ್ನು ಮತ್ತೊಮ್ಮೆ ಕೂರಿಸಿ ಆ ಸೂಚನೆಯನ್ನು ಕೊಡಿ ಎಂದು ಬೇಡಿದೆ.

"ಯಾವ ಸೂಚನಿ?"

"ತೊದಲಬಾರದು ಅಂತ ಕೊಟ್ಟಿರಲ್ಲ, ಅದು."

"ನಾ ಎಲ್ಲಿ ಹಂಗಂದೆ ಮಾಸ್ತರ? ನಾ ಡಾಕ್ಟರ್ ಅಲ್ಲ. ನಿಂಬಿ ಸಿಹಿ ಮಾಡ್ತೀನಿ, ಅಷ್ಟ. ಮಂದಿ ಮೈಯಾಗಿನ ರಿಪೇರಿಗೆ ನಾ ಎಂದೂ ಕೈ ಹಾಕಿಲ್ಲ."

ತೊದಲಬಾರದು ಎಂದು ಅವರು ವೇದಿಕೆಯ ಮೇಲೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. 'ನಿಮ್ಮ ಮಾತು ನೀರಿನಂತೆ ಹರಿಯುತ್ತದೆ' ಎಂಬ ಮಾತೂ ನೆನಪಿತ್ತು. ಕುಷ್ಟಗಿಯ ಮೈಕಿನವನು ಇಡೀ ಆಟವನ್ನು ಫೋನಿನಲ್ಲಿ ಹಿಡಿದು ಎಲ್ಲರಿಗೂ ಹಂಚಿದ್ದ. ತರಿಸಿಕೊಂಡು ನೋಡಿದೆವು. ಮೂರು ಸಲ ನೋಡಿದೆ. ಪ್ರೊಫೆಸರ್ ಹೇಳಿದ್ದು ಇಷ್ಟೇ: 'ನೀವೆಲ್ಲಾ ಈಗ ಬಸ್ ಕಂಡಕ್ಟರ್. ಬಸ್ ತುಂಬಿಸ್ರಿ.' ನೀರು, ಹರಿಯುವುದು, ಮಾತು ಎಲ್ಲವನ್ನೂ ನಾನೇ ಆಮೇಲೆ ಸೇರಿಸಿಕೊಂಡಿದ್ದೆ.

ಅಂದರೆ ನಾನು ಇಳಿಸಿದೆನೋ ಬಿಟ್ಟೆನೋ ಎಂಬುದರಿಂದ ಅವನ ನಾಲಿಗೆಗೆ ಏನೂ ಆಗಿರಲಿಲ್ಲ. ಏರಿಸಿದ್ದೇ ಇಲ್ಲದ ಮೇಲೆ ಇಳಿಸುವುದೇನು? ಪರದೆಯ ಹಿಂದೆ ನನ್ನೊಡನೆ ಮಾತಾಡುವಾಗಲೂ ಅವನು ಇನ್ನೂ ಅರ್ಧ ಕಂಡಕ್ಟರನೇ ಆಗಿದ್ದ. ಬೇರೆಯವರ ಪಾತ್ರದಲ್ಲಿ, ರಾಗದಲ್ಲಿ, ನಾಲ್ಕು ಮಂದಿಯ ಜೊತೆ ಕೂಡಿ ಹೇಳುವಾಗ ತೊದಲುವವರು ಎಷ್ಟೋ ಸಲ ತಡೆಯಿಲ್ಲದೆ ಮಾತಾಡುತ್ತಾರೆ. ಓದಿದ್ದೆ. ಕಣ್ಣೆದುರು ಕಂಡಾಗ ಗುರುತಿಸಲಿಲ್ಲ.

ಆಗ ಒಂದು ಸುಲಭದ ದಾರಿ ತೋಚಿತು. ಫೋನು ಮಾಡಿ, ದನಿ ತಗ್ಗಿಸಿ, ಈಗ ಮತ್ತೆ ಏರಿಸಿದ್ದೇನೆ ಎಂದುಬಿಟ್ಟರೆ? ನಂಬಿಕೆಯೇ ಅವನನ್ನು ಭಾನುವಾರ ದಾಟಿಸಬಹುದು. ದಾಟಿಸದಿದ್ದರೆ ಮದುವೆಯ ಮಂದಿಯ ನಡುವೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ದಾಟಿಸಿದರೆ, ತನ್ನ ಮಾತು ನಮ್ಮ ವ್ಯಾನಿನಲ್ಲಿ ಬಂದು ಹೋಗುವ ಸಾಮಾನು ಎಂದು ಬದುಕಿಡೀ ತಿಳಿದಿರುತ್ತಾನೆ. ನಂಬರು ಒತ್ತುವುದು, ಅಳಿಸುವುದು ಮಾಡುತ್ತ ಕೂತಿದ್ದನ್ನು ಬಾಯಿ ನೋಡಿದರು.

"ಖರೇ ಹೇಳಾಕ ಧೈರ್ಯ ಸಾಲದಿದ್ರ ಐದರತನಕ ಎಣಿಸ್ಕೊಂಡು ಹೋಗ್ರಿ," ಎಂದರು. "ಭಾನುವಾರದತನಕ ಇಲ್ಲಿ ಮಂದೀನ ನಾ ಇಳಸ್ತೀನಿ."

ಗುರುವಾರ ಬೆಳಿಗ್ಗೆ ಕುಷ್ಟಗಿಯ ಅವನ ಅಂಗಡಿಯಲ್ಲಿ, ಅರಳೆ ಹಿಂಜುವ ಯಂತ್ರದ ಪಕ್ಕ ಕೂತು ವಿಡಿಯೋ ತೋರಿಸಿದೆ. ಅವನು ಕೊನೆಯವರೆಗೂ ನೋಡಿದ. ತನ್ನ ಹೆಸರಿಗೆ ಜನ ನಕ್ಕದ್ದನ್ನೂ ನೋಡಿದ.

"ಅಂದ್ರ... ಮೊ... ಮೊದ್ಲೂ ಏನೂ ಕೊಟ್ಟಿದ್ದಿಲ್ಲ?"

"ಇಲ್ಲ. ಅವತ್ತು ಕೂಗಿದವರು ನೀವೇ."

"ನಾ... ನಾನ ಆಗಿದ್ರ ಇವತ್ತ್ಯಾಕ ಬ... ಬರವಲ್ದು?"

ನಾನು ಓದಿದ್ದನ್ನೆಲ್ಲ ಹೇಳತೊಡಗಿದೆ. ಪಾತ್ರ, ಲಯ, ಸಾಮೂಹಿಕ ಪಠಣ. ಅವನು ಎದ್ದು ಯಂತ್ರದ ಗುಂಡಿ ಒತ್ತಿದ. ಗರ್ ಎಂದು ಸದ್ದೆದ್ದು ಅಂಗಡಿಯೆಲ್ಲ ಅರಳೆ ಹಾರಿತು. ನಾನು ಬಾಯಿ ಮುಚ್ಚುವ ತನಕ ಅವನು ಅದನ್ನು ನಿಲ್ಲಿಸಲಿಲ್ಲ.

"ಶಾ... ಶಾಸ್ತ್ರ ಸಾಕ್ರಿ," ಎಂದ. "ಈಗೇನು ಮಾಡೂದು ಹೇಳ್ರಿ."

ಕೆಲಸ ಶುರು ಮಾಡಿದೆವು. ಇಬ್ಬರೂ ಒಟ್ಟಿಗೆ 'ಕಬೂಲ್' ಎಂದರೆ ಸರಾಗ. ಹತ್ತು ಸಲ ಹೇಳಿದರೆ ಹತ್ತೂ ಸಲ ಸರಾಗ. ನಾನು ದನಿ ತಗ್ಗಿಸುತ್ತ ಬಂದೆ. ನನ್ನದು ನಿಂತ ಗಳಿಗೆಗೆ ಅವನದೂ ನಿಂತಿತು. ಕಂಡಕ್ಟರನ ರಾಗದಲ್ಲಿ ಹೇಳಿಸಿದೆ. ಬಂತು. ಗಾದಿ ಹೊಲಿಸಲು ಬಂದ ಹೆಂಗಸೊಬ್ಬಳು ಅದನ್ನು ಕೇಳಿ, "ಏನೋ ತಮ್ಮಾ, ನಿಕಾಹ್‌ದಾಗ ಹೆಂಡ್ತಿಗೂ ಟಿಕೆಟ್ ಹರಿಯಾಂವೇನು?" ಎಂದಳು. ಆ ದಾರಿಯೂ ಮುಚ್ಚಿತು.

ಉಳಿದದ್ದು ಒಂದೇ: ಖಾಜಿಯವರೇ ಅವನ ಜೊತೆ ಆ ಮಾತನ್ನು ಹೇಳಬೇಕು. ಶುಕ್ರವಾರ ನಮಾಜಿನ ನಂತರ ಸಿಗಬೇಕೆಂದು ತಾವರಗೇರಾ ದಾರಿಯ ಬಸ್ಸು ಹಿಡಿದು ಇಬ್ಬರೂ ಕನಕಗಿರಿಗೆ ಹೋದೆವು. ನಿಕಾಹ್ ಓದಿಸಬೇಕಿದ್ದ ಖಾಜಿಯವರು ವಯಸ್ಸಾದವರು. ನನ್ನ ಬೇಡಿಕೆಯನ್ನು ಪೂರ್ತಿ ಕೇಳಿದರು.

"ಆಗೂದಿಲ್ರಿ," ಎಂದರು. "ಕಲಿಮಾ ನಾ ಹೇಳ್ಕೊಡ್ತೀನಿ, ಅಂವ ನನ್ನ ಹಿಂದ ಹೇಳ್ತಾನ. ಕಬೂಲ್ ಮಾತ್ರ ಅವಂದ. ನಾನೂ ಕೂಡಿ ಅಂದ್ರ, ಈ ವಯಸ್ಸಿನಾಗ ಯಾರನ್ನ ಕಬೂಲ್ ಮಾಡಿದ್ರಿ ಅಂತ ನಮ್ಮ ಮನ್ಯಾಕಿ ಕೇಳ್ತಾಳ."

"ಹಾಗಾದರೆ ಏನು ಮಾಡೋದು ಸಾಹೇಬರೇ?"

"ಕಾಯೂದು. ನಾ ಕಾಯ್ತೀನಿ."

"ತುಂಬಾ ಹೊತ್ತಾದರೆ?"

"ನಿಕಾಹ್ ಏನು ಟಿಕೆಟ್ ಕೌಂಟರೇನ್ರಿ, ಹಿಂದ ಪಾಳಿ ಐತಿ ಅನ್ನಾಕ?" ಆಮೇಲೆ ಅವರು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. "ಆದ್ರ ಬೇಟಾ, ಆ ಮನಿಯವ್ರಿಗೆ ಮೊದ್ಲ ಹೇಳು. ಗೊತ್ತಿದ್ದ ಮಂದಿ ಕಾಯ್ತಾರ. ಗೊತ್ತಿಲ್ದ ಮಂದಿ ನಗ್ತಾರ."

ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅಂಗಡಿಗೆ ಬಂದು, ಅರಳೆಯ ರಾಶಿಯಿಂದ ಒಂದು ಗಂಟು ಹೆಕ್ಕಿ ಬೆರಳಿನಲ್ಲಿ ಆಡಿಸುತ್ತ ಹೇಳಿದ.

"ಗಂಟನ್ನ ಜ... ಜಗ್ಗಿದ್ರ ಹರಿತೈತ್ರಿ. ಸಡ್ಲ ಬಿಟ್ಟು ಬಿಡಸಬೇಕು. ನಾ... ನಾ ಬಾಯಾಗ ಇಷ್ಟು ದಿನ ಜಗ್ಗೀನಿ."

ಹಾಗೆಂದು ಫೋನು ತೆಗೆದು ಹುಡುಗಿಗೆ ದನಿ ಸಂದೇಶ ಕಳಿಸಿದ. ಅಲ್ಲಿಯವರೆಗೆ ಅವಳಿಗೆ ಬರೀ ಬರೆದು ಕಳಿಸುತ್ತಿದ್ದನಂತೆ. ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ನನ್ನ ಮಾತು ಹಿಂಗ ಐತಿ ಎಂದ. ಸಂದೇಶದ ಮುಕ್ಕಾಲು ಪಾಲು ಮೌನವೇ ಇತ್ತು. ಅವನು ಅದನ್ನು ಅಳಿಸಿ ಮತ್ತೆ ಹೇಳಲಿಲ್ಲ, ಹಾಗೇ ಕಳಿಸಿದ. ಆಮೇಲೆ ಇಬ್ಬರೂ ಫೋನನ್ನು ಗಾದಿಯ ಮೇಲಿಟ್ಟು, ಅದು ಸಿಡಿಯುವ ಪಟಾಕಿಯೋ ಎಂಬಂತೆ ದೂರ ಕೂತೆವು.

ಉತ್ತರವೂ ದನಿಯಲ್ಲೇ ಬಂತು. ಅವನು ನನ್ನೆದುರೇ ಕೇಳಿದ.

"ನೀವು ಹೆಸರು ಹೇಳಾಕ ನಿಂತದ್ದು ವಿಡಿಯೋದಾಗ ನೋಡೀನ್ರಿ. ನಮ್ಮ ಓಣ್ಯಾಗ ಎಲ್ಲಾರ ಫೋನಿನಾಗೂ ಐತಿ. ನಮ್ಮಪ್ಪನೂ ನೋಡ್ಯಾನ. ನೀವ ಹೇಳ್ತೀರೇನೋ ಅಂತ ನಾಕ ದಿನದಿಂದ ಕಾಯಾಕತ್ತಿದ್ದೆ." ಆಮೇಲೆ ನಗು ತಡೆದ ದನಿಯಲ್ಲಿ: "ಆ ಕಂಡಕ್ಟರ್‌ಗಿಂತ ನೀವ ಛಲೋ. ಅಂವ ಭಾಳ ಒದರ್ತಾನ."

ಗಾದಿ ಹೊಲಿಯುವವನು ಎದ್ದು ಹೋಗಿ ಯಂತ್ರ ಚಾಲೂ ಮಾಡಿದ. ಹಿಂಜಲು ಅದರೊಳಗೆ ಅರಳೆಯೇ ಇರಲಿಲ್ಲ. ನಾನು ಹೊರಗೆ ಬಂದು ನಿಂತೆ.

ಭಾನುವಾರ ಕನಕಗಿರಿಯ ಶಾದಿ ಮಹಲಿನಲ್ಲಿ ನನ್ನನ್ನು ಗಂಡಿನ ಕಡೆಯವರ ಸಾಲಿನಲ್ಲಿ ಕೂರಿಸಿದರು. ಮೊದಲು ಹುಡುಗಿಯ ಒಪ್ಪಿಗೆ ಕೇಳಲು ಅವಳ ಸೋದರಮಾವನೂ ಇಬ್ಬರು ಸಾಕ್ಷಿಗಳೂ ಹೆಂಗಸರ ಕಡೆ ಹೋದರು. ಹೋದವರು ಬರಲೇ ಇಲ್ಲ. ಖಾಜಿಯವರು ಒಂದು ಸಲ ಬಾಗಿಲ ಕಡೆ ನೋಡಿದರು. ಮಂದಿ ಪಿಸುಗುಟ್ಟಿದರು. ಕೊನೆಗೆ ಸೋದರಮಾವ ಹಣೆ ಒರೆಸಿಕೊಳ್ಳುತ್ತ ಬಂದ.

"ಒಪ್ಯಾಳ್ರಿ, ಒಪ್ಯಾಳ. ನಮ್ಮ ಜೀವಾ ತಗದ್ಲು. ಕೇಳಿದ್ರ ಸುಮ್ನ ಕುಂತಾಳ! ನೀರು ತರ್ರಿ ಅಂದ್ಲು, ಕುಡದ್ಲು, ಮತ್ತ ಸುಮ್ನ ಕುಂತ್ಲು. ಯಾಕವ್ವಾ ಅಂದ್ರ, ಇವತ್ತ ಯಾರೂ ಅವಸರ ಮಾಡಬ್ಯಾಡ್ರಿ ಮಾಮಾ ಅಂದ್ಲು."

ಮಂದಿ ನಕ್ಕರು, ಗೋಡೆಗೆ ಒರಗಿ ಆರಾಮಾಗಿ ಕೂತರು. ಖಾಜಿಯವರು ಕಲಿಮಾ ಶುರು ಮಾಡಿದರು. ಮುಖದ ಮೇಲೆ ಇಳಿಬಿಟ್ಟ ಮಲ್ಲಿಗೆಯ ಸೆಹರಾದ ಹಿಂದಿನಿಂದ ಅವನು ತುಂಡು ತುಂಡಾಗಿ ಹಿಂಬಾಲಿಸಿ ಹೇಳಿದ, ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಆ ಪ್ರಶ್ನೆ ಬಂತು.

ಹೂವಿನ ಎಳೆಗಳು ಅಲುಗುವುದು ನಿಂತಿತು. ನಾನು ಒಂದರಿಂದ ಐದು ಎಣಿಸಿದೆ. ಮತ್ತೆ ಒಂದರಿಂದ ಎಣಿಸಿದೆ. ಪಕ್ಕದವನೊಬ್ಬ "ಕಬೂಲ್ ಅನ್ನಪಾ" ಎಂದು ಹೇಳಿಕೊಡಲು ಹೋದ. ಖಾಜಿಯವರು ತಲೆಯೆತ್ತದೆ ಒಂದು ಬೆರಳೆತ್ತಿದರು. ಅವರು ಮದುಮಗನ ಮುಖ ನೋಡುತ್ತಿರಲಿಲ್ಲ. ಪೆನ್ನಿನ ನಿಬ್ಬಿಗೆ ಹತ್ತಿದ ಧೂಳನ್ನು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು, ತಮಗೆ ಇನ್ನೂ ಅದೇ ಕೆಲಸ ಬಾಕಿ ಇದೆ ಎಂಬಂತೆ. ಅವನ ಬಿಗಿದ ಹೆಗಲು ಮೆಲ್ಲಗೆ ಕೆಳಗಿಳಿಯಿತು.

"ಕ... ಕ... ಕಬೂಲ್."

ಇನ್ನೆರಡು ಸಲವೂ ಹೇಳಿದ. ಅಷ್ಟೂ ಹೊತ್ತು ಆ ಮಹಲಿನಲ್ಲಿ ಒಬ್ಬರೂ ನಗಲಿಲ್ಲ.

ನಾನು ಇನ್ನೂ ಆ ತಂಡದಲ್ಲೇ ಇದ್ದೇನೆ. ಈಗ ಟಿಕ್ ಹಾಕುವ ಮೊದಲು ಬಾಯಿಯನ್ನು ಕರೆದು ತೋರಿಸುತ್ತೇನೆ. ಇದನ್ನು ಬರೆಯಲು ಕೂತಾಗ ಅವನಿಗೆ ಫೋನು ಮಾಡಿದೆ. ನಿಕಾಹ್‌ನ ಮಾತು ತೆಗೆದು, ಮೂರನೆಯ ಸಲ ನೀವು ತಡೆಯದೆ ಹೇಳಿದಿರಿ, ನನಗೆ ಚೆನ್ನಾಗಿ ನೆನಪಿದೆ, ಹಾಗೆಯೇ ಬರೆಯುತ್ತೇನೆ ಎಂದೆ. ಆ ಕಡೆ ಅವನ ಹೆಂಡತಿ ನಕ್ಕದ್ದು ಕೇಳಿಸಿತು.

"ಇಲ್ರೀ ಸರ," ಎಂದ ಅವನು. "ಮೂ... ಮೂರೂ ಸಲ ಸಿಕ್ಕೊಂಡಿತ್ತು. ಸುಳ್ಳು ಬರೀಬ್ಯಾಡ್ರಿ. ನೀವು ಆ ಕುರ್ಚಿ ಮ್ಯಾಗಿಂದ ಇನ್ನೂ ಎದ್ದಿಲ್ಲ ನೋಡ್ರಿ. ನಿ... ನಿಮಗ್ಯಾರು ಇಳಸ್ತಾರ?"

"ನೀವೇ ಇಳಿಸಿ," ಎಂದೆ.

"ಪಾದ ನೆಲಕ್ಕ ಊರ್ರಿ."

ಊರಿದೆ.

"ಒಂದು," ಎಂದ. "ಎ... ಎ..."

ನಾನು ಕಾದೆ. ಅವನು ಐದರವರೆಗೂ ಎಣಿಸಿದ.